ಕಳಿಸುವ ಪದ

ಬೀದರ ಕಡೆಯ ಡಾಬಕಾ ಊರಿನ ಗಂಗುಬಾಯಿ ಮದುವೆಯಾಗಿ ಬಂದ ಐವತ್ತು ವರ್ಷಗಳಲ್ಲಿ ಇಬ್ಬರ ಹೆಸರನ್ನು ಬಾಯಿಗೆ ತಂದವಳಲ್ಲ. ಒಬ್ಬ ಗಂಡ. ಅವನು ತೀರಿಹೋಗಿ ಆರು ವರ್ಷವಾದರೂ ರೇಷನ್ ಅಂಗಡಿಯಲ್ಲಿ ಅವನ ಹೆಸರು ಕೇಳಿದರೆ ಈಕೆ ಪಕ್ಕದವಳ ಮುಖ ನೋಡುತ್ತಾಳೆ, ಪಕ್ಕದವಳು ‘ಧೊಂಡಿಬಾ’ ಎಂದು ಹೇಳಿಕೊಡುತ್ತಾಳೆ. ಇನ್ನೊಬ್ಬ ತೋಳ. ಕುರಿ ಸಾಕುವ ಅವಳ ಮನೆತನದಲ್ಲಿ ಹೆಂಗಸರು ತೋಳವನ್ನು ‘ಮಾವ’ ಎನ್ನುತ್ತಾರೆ. ಮಾವನನ್ನು ಹೆಸರು ಹಿಡಿದು ಕೂಗುವ ಸೊಸೆ ಎಲ್ಲಿಯಾದರೂ ಉಂಟೇ?

ಆದರೆ ವರ್ಷಕ್ಕೊಮ್ಮೆ, ದೀಪಾವಳಿ ಪಾಡ್ಯದ ಸಂಜೆ, ಕೂಗಲೇಬೇಕು. ಕುರಿಹಟ್ಟಿಯ ಮುಳ್ಳುಬೇಲಿಯ ಹೊರಗೆ ಜೋಳದ ಹಿಟ್ಟಿನ ಮುದ್ದೆ ಇಟ್ಟು, ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡು, ಮನೆಯ ಹಿರಿಯ ಹೆಂಗಸು ಎರಡು ಪದ ಹಾಡುತ್ತಾಳೆ. ಮೊದಲನೆಯದು ಕರೆಯುವ ಪದ: ಮಾವನ ಹುಟ್ಟುಹೆಸರು ಹಿಡಿದು, ಬಾ, ನಿನ್ನ ಪಾಲು ಉಣ್ಣು ಎನ್ನುವುದು. ಆ ಹೆಸರನ್ನು ಇಲ್ಲಿಯೂ ಬರೆಯದಿರುವುದೇ ಲೇಸು. ಎರಡನೆಯದು ಕಳಿಸುವ ಪದ: ಹೊಟ್ಟೆ ತುಂಬಿತಲ್ಲ, ಇನ್ನು ನಡಿ, ಬರುವ ಪಾಡ್ಯದವರೆಗೆ ಈ ಕಡೆ ಮುಖ ಹಾಕಬೇಡ. ಒಂದು ಹಾಡಿ ಇನ್ನೊಂದನ್ನು ಬಿಡುವ ಹಾಗಿಲ್ಲ.

ಗಂಗುಬಾಯಿ ಮನೆಗೆ ಬಂದ ಎರಡನೆಯ ವರ್ಷ ಅತ್ತೆಗೆ ಕರೆಯುವ ಪದ ಮುಗಿಯುತ್ತಲೇ ಕೆಮ್ಮು ಹತ್ತಿತು. ದನಿ ಹೊರಡಲಿಲ್ಲ, ಕಳಿಸುವುದು ಉಳಿದೇಹೋಯಿತು. ಬೆಳಗಾಗುವಷ್ಟರಲ್ಲಿ ಹನ್ನೊಂದು ಮರಿ ಸತ್ತಿದ್ದವು. ಒಂದನ್ನೂ ತಿಂದಿರಲಿಲ್ಲ. ಮಾವ ಕುತ್ತಿಗೆ ಹರಿದು ಮನೆಯ ಬಾಗಿಲವರೆಗೆ ಸಾಲಾಗಿ ಹಾಕಿಹೋಗಿದ್ದ. ಆ ಸಾಲು ಇವತ್ತಿಗೂ ಗಂಗುಬಾಯಿಯ ಕಣ್ಣಮುಂದಿದೆ.

ಈ ಸಲ ಪಾಡ್ಯಕ್ಕೆ ಮೊಮ್ಮಗಳು ಮಲ್ಲೇಶ್ವರಿ ಬಂದಿದ್ದಳು. ಬೀದರಿನಲ್ಲಿ ಕೋಣೆ ಮಾಡಿಕೊಂಡು ಬಿ.ಎ. ಓದುವ ಹುಡುಗಿ, ಬಾಯಿ ಬಲು ಚುರುಕು. ಫೋನು ಹಿಡಿದು ನಿಂತವಳನ್ನು ಗಂಗುಬಾಯಿ ಬೈದಳು. ಹುಡುಗಿ ಒಂದೇ ಮಾತು ಕೇಳಿದಳು:

“ನೀ ಹೋದ ಮ್ಯಾಲ ಈ ಪದ ಯಾರಿಗಿ ಬರ್ತದ, ಆಯಿ?”

ಸೊಸೆಗೆ ಕಲಿಯುವ ಮನಸ್ಸಿಲ್ಲ, ಮಗಳು ಭಾಲ್ಕಿ ಕಡೆಯ ಮೆಹಕರಕ್ಕೆ ಕೊಟ್ಟವಳು, ಬೇರೆ ಮನೆಯ ಸೊತ್ತು. ಹುಡುಗಿ ತನಗಾಗಿ ಫೋನಿನಲ್ಲಿ ತುಂಬಿ ಇಟ್ಟುಕೊಳ್ಳಲಿ ಎಂದು ಗಂಗುಬಾಯಿ ಎರಡೂ ಪದ ಹಾಡಿದಳು.

ತಿಂಗಳ ಮೇಲೆ ಕಣ್ಣು ತೋರಿಸಲು ಬೀದರಿಗೆ ಹೊರಟಾಗ ಔರಾದದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಾಡುವುದು ಕೇಳಿಸಿತು. ಇದ್ಯಾವಳಪ್ಪ ಇಷ್ಟು ಒಡಕು ದನಿಯವಳು ಎಂದುಕೊಂಡಳು. ಮರುಗಳಿಗೆ ಗುರುತು ಹತ್ತಿತು. ಅದು ಅವಳದೇ ದನಿ. ಬಾಳೆಹಣ್ಣಿನ ಗಾಡಿಯ ಯಾಕೂಬನ ಫೋನಿನಿಂದ, ಹಾಡುಹಗಲಲ್ಲಿ, ನೂರು ಮಂದಿಯ ನಡುವೆ, ಮಾವನ ಹುಟ್ಟುಹೆಸರು. ಬಾ, ಉಣ್ಣು. ಅಲ್ಲಿಗೆ ನಿಂತು ಮತ್ತೆ ಮೊದಲಿನಿಂದ. ಬಾ, ಉಣ್ಣು.

“ಮುಂದಿಂದು ಹಚ್ಚು, ಯಪ್ಪಾ. ಲಗೂನ ಹಚ್ಚು.”

“ಇಷ್ಟೇ ಅದರಿ, ಅಮ್ಮಾ. ಮುಗಿದ ಕೂಡ್ಲೆ ತಾನೇ ಮತ್ತ ಸುರು ಆಗ್ತದ. ಭಾಳ ಚಲೋ ಹಾಡ್ಯಾಳರಿ ಮುದುಕಿ. ಯಾರೋ ಏನೋ!”

ಗಂಗುಬಾಯಿ ಬಸ್ಸು ಹತ್ತಿದಳು. ಬಸ್ಸು ಸಂತಪುರ ದಾಟುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡು ಕಳಿಸುವ ಪದವನ್ನು ಒಳಗೊಳಗೇ ಹಾಡಿದಳು. ಹಟ್ಟಿಯಲ್ಲಿ ಈಗ ನಲವತ್ತು ಕುರಿ, ಒಂಬತ್ತು ಎಳೆಮರಿ.

ಬೀದರಿನ ಕೋಣೆಯಲ್ಲಿ ಮಲ್ಲೇಶ್ವರಿ ತಲೆ ತಗ್ಗಿಸಿ ಕೂತಳು. “ಉದ್ದ ಇದ್ರ ಯಾರೂ ನೋಡಂಗಿಲ್ಲ, ಆಯಿ. ಅದಕ್ಕ ಮೊದಲಿಂದಷ್ಟೇ ನೆಟ್ಟಿಗಿ ಹಾಕೀನಿ.”

“ಅಗಸಿ ಬಾಗಲಾ ತಗದು ಬಂದೀ, ಮುಚ್ಚಿ ಬರಲಿಲ್ಲ. ಅಷ್ಟ ತಿಳೀಲಿಲ್ಲೇನ ನಿನಗ? ತಗಿ ಅದನ್ನ.”

“ತಗದೀನಿ. ಆದ್ರ ಮಂದಿ ತಮ್ಮ ತಮ್ಮ ಕಡೆ ಇಳಿಸ್ಕೊಂಡು ಮತ್ತ ಹಾಕ್ಯಾರ. ಅದರ ಕೆಳಗ ಕಾಮೆಂಟಿನ್ಯಾಗ ಜಗಳ ನಡದಾದ. ಇಂಥಾವು ಹಿಂಗರೆ ಉಳೀಲಿ ಅಂತ ಕೆಲವ್ರು, ಹಟ್ಟಿ ಮಾತು ಹಟ್ಟ್ಯಾಗೇ ಇರ್ಬೇಕು ಅಂತ ಕೆಲವ್ರು. ಕಳಸೋ ಪದಾನೂ ಹಾಕ್ಲೇನು? ಆಗ ಸರಿ ಆಗ್ತದಲ್ಲ?”

ಗಂಗುಬಾಯಿ ಆಸೆಯಿಂದ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು. ಮೊದಲಿನದು ಕೇಳಿದವರೆಲ್ಲ ಎರಡನೆಯದನ್ನೂ ಹುಡುಕಿ ಕೇಳುತ್ತಾರೆಂಬುದಕ್ಕೆ ಯಾರು ಹೊಣೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಮಷೀನಿನ ಮಾತಿಗಿ ಮಾವ ಬರ್ತಾನ, ಯಾಕಂದ್ರ ಹಸದಾನ. ಮಷೀನು ಹೋಗು ಅಂದ್ರ ಹೋಗಂಗಿಲ್ಲ. ಮುಂದ ನಿಂತು ಕಳಸ್ಬೇಕು. ಎಷ್ಟ ಸಲ ಕರದಾರ, ಅಷ್ಟ ಸಲ.”

ಹುಡುಗಿ ಮೊದಲು ನಕ್ಕಳು. ಆದರೂ ಮುದುಕಿಯನ್ನು ಒಂಟಿಯಾಗಿ ಕಳಿಸಲಾರದೆ ಮರುದಿನ ಜೊತೆಗೆ ಬಂದಳು. ಹಟ್ಟಿಯ ಹತ್ತಿರ ಬಂದಾಗ ಹೊತ್ತು ಇಳಿಯುತ್ತಿತ್ತು. ನಾಯಿ ಬೊಗಳುತ್ತಿರಲಿಲ್ಲ, ಬಂಡಿಯ ಕೆಳಗೆ ಹೊಕ್ಕು ಕೂತಿತ್ತು. ಕುರಿಗಳೆಲ್ಲ ಒಂದೇ ಮೂಲೆಗೆ ಒತ್ತಿಕೊಂಡಿದ್ದವು. ಬೇಲಿಯ ಹೊರಗಿನ ಹಸಿ ಮಣ್ಣಿನಲ್ಲಿ ಹೆಜ್ಜೆಗಳಿದ್ದವು, ನಾಯಿಯ ಹೆಜ್ಜೆಗಿಂತ ದೊಡ್ಡವು. ಬಂದವು ಕಂಡವು, ಹೋದವು ಕಾಣಲಿಲ್ಲ. ಮಲ್ಲೇಶ್ವರಿಯ ನಗು ಅಲ್ಲಿಗೆ ನಿಂತಿತು.

“ಮಾವನ್ನ ಎಷ್ಟ ಸಲ ಕರದಾರ, ಅದರಾಗ ನೋಡಿ ಹೇಳು.”

ಹುಡುಗಿ ಫೋನು ತೆಗೆದಳು. ಅಲ್ಲಿದ್ದ ಉದ್ದನೆಯ ಸಂಖ್ಯೆಯನ್ನು ಬಹಳ ಹೊತ್ತು ನೋಡಿದಳು. ಗಂಗುಬಾಯಿಗೆ ಅಂಕಿ ಬಾರದು.

“ಹನ್ನೆರಡು,” ಎಂದಳು.

ಗಂಗುಬಾಯಿಗೆ ಜೀವ ಬಂದಂತಾಯಿತು. ಭಂಡಾರ ಹಚ್ಚಿಕೊಂಡು, ಬೇಲಿಗೆ ಬೆನ್ನು ಕೊಟ್ಟು, ಅಡವಿಗೆ ಮುಖ ಮಾಡಿ ಕೂತು ಹಾಡಿದಳು. ಒಂದೊಂದು ಸಲಕ್ಕೆ ಒಂದೊಂದು ಹರಳುಗಲ್ಲು ಪಕ್ಕಕ್ಕಿಟ್ಟಳು. ಎಂಟಕ್ಕೆ ಗಂಟಲು ಕಟ್ಟಿತು, ಹನ್ನೊಂದಕ್ಕೆ ದನಿ ಒಡೆಯಿತು. ಹನ್ನೆರಡು ಮುಗಿಸಿ, ಮೊಳಕಾಲು ಹಿಡಿದು ಏಳಲು ಹೋದಳು.

“ಇನ್ನೊಮ್ಮಿ ಹಾಡು, ಆಯಿ,” ಎಂದಳು ಮಲ್ಲೇಶ್ವರಿ.

“ಆದ್ವಲ್ಲ, ಹನ್ನೆರಡು?”

ಹುಡುಗಿ ಫೋನನ್ನು ಮಗುಚಿ ನೆಲಕ್ಕಿಟ್ಟಳು. ಅವಳ ಕಣ್ಣು ಅಡವಿಯ ಕಡೆಗಿತ್ತು. ಕಾಲ ಬಳಿ ಕೈಯಾಡಿಸಿ ಅವಳು ಹರಳು ಆರಿಸತೊಡಗಿದಳು. ಮೊದಲು ಹಿಡಿಯಷ್ಟು, ಆಮೇಲೆ ಹೆಗಲ ಓಢಣಿಯ ತುಂಬ. ಹೊತ್ತು ಮುಳುಗುತ್ತಿದ್ದರೂ ಆರಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಯಾರೂ ಕಲಿಸದ ಕಳಿಸುವ ಪದವನ್ನು, ತಪ್ಪು ತಪ್ಪಾಗಿ, ತಾನೇ ಹಾಡಲು ಹತ್ತಿದಳು.

ಗಂಗುಬಾಯಿ ಆ ಓಢಣಿಯನ್ನು ನೋಡಿದಳು. ಎಷ್ಟೆಂದು ಮತ್ತೆ ಕೇಳಲಿಲ್ಲ. ಮೊಮ್ಮಗಳ ಪಕ್ಕದಲ್ಲಿ ಕೂತು ದನಿ ಕೂಡಿಸಿದಳು.