ಹಿನ್ನೀರಿನ ದಂಡೆಯಲ್ಲಿ ಹಕ್ಕಿಗಳ ಕುಬಸ

ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸವದತ್ತಿಯ ನೇರ ಬಸ್ಸು ನನ್ನ ಕಣ್ಣೆದುರೇ ಹೊರಟು ಹೋಯಿತು. ತಪ್ಪು ಬಸ್ಸಿನದಲ್ಲ. ಹಸಿರು ಖಣದ ಕುಬಸಕ್ಕೆ ಕೊನೆಯ ಗುಂಡಿ ಹಚ್ಚುತ್ತ ನಾನೇ ಅಂಗಡಿಯಲ್ಲಿ ಕುಳಿತುಬಿಟ್ಟಿದ್ದೆ. ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಗಿರಾಕಿಗಳಿಗೆ ಇವತ್ತು ನಾಳೆ ಎಂದು ಸುಳ್ಳು ಹೇಳುವವಳು ನಾನು, ನನಗೆ ನಾನೇ ಹೇಳಿಕೊಂಡ ಹೊತ್ತಿಗೂ ಮುಟ್ಟಲಿಲ್ಲ.

ಆ ಕುಬಸ ಹೇಳಿದವಳು ನನ್ನ ತಂಗಿ ನೀಲವ್ವ. ಸವದತ್ತಿ ತಾಲ್ಲೂಕಿನಲ್ಲಿ ಮಲಪ್ರಭೆಯ ಅಣೆಕಟ್ಟಿನ ಹಿನ್ನೀರಿಗೆ ಹತ್ತಿಕೊಂಡ ಒಂದು ಊರಿಗೆ ಅವಳನ್ನು ಕೊಟ್ಟಿದ್ದೇವೆ. ಹಿಂದಿನ ವಾರ ಫೋನ್ ಮಾಡಿದ್ದಳು.

“ಅಕ್ಕಾ, ಒಂದ ಹಸರ ಕುಬಸಾ ಹೊಲದ ತಗೊಂಡ ಬಾ. ಮಂಗಳವಾರ ಕಾರ್ಯ ಐತಿ.”

“ಯಾರದ?”

“ನಮ್ಮ ದಂಡಿಗೆ ಹಕ್ಕಿ ಬಂದಾವಲ್ಲ, ಅವರದ.”

“ಅಳತಿ ಹೇಳ ಮತ್ತ.”

“ರೆಕ್ಕಿ ಇದ್ದಾವಕ್ಕ ತೋಳ ಎಲ್ಲಿಂದ ತರ್ಲಿ? ನಿನ್ನ ಮನಸಿಗೆ ಬಂದ ಅಳತಿ ಹೊಲಿ,” ಎಂದು ನಕ್ಕು ಫೋನ್ ಇಟ್ಟಳು.

ಕುಬಸ ಎಂದರೆ ನಮ್ಮ ಕಡೆ ರವಿಕೆಯೂ ಹೌದು, ಬಸುರಿ ಹೆಣ್ಣುಮಗಳಿಗೆ ಹಸಿರು ಉಡಿಸಿ, ಸೆರಗಿನಲ್ಲಿ ಅಕ್ಕಿ ಕೊಬ್ಬರಿ ಇಟ್ಟು ಉಡಿ ತುಂಬಿ, ಬಯಕೆ ಊಟ ಹಾಕುವ ಕಾರ್ಯವೂ ಹೌದು. ಇಷ್ಟು ವರ್ಷ ಎಷ್ಟೋ ಬಸುರಿಯರಿಗೆ ಹೊಲಿದಿದ್ದೇನೆ. ಹಕ್ಕಿಗೆ ಹೊಲಿದದ್ದು ಇದೇ ಮೊದಲು.

ನೇರ ಬಸ್ಸು ತಪ್ಪಿದ್ದಕ್ಕೆ ಮುರಗೋಡ, ಯರಗಟ್ಟಿ ಸುತ್ತಿ ಹೋಗುವ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇರುವುದರಿಂದ ಸುತ್ತು ಹಾಕಿದರೂ ಕೈಯಿಂದ ಹೋಗುವುದು ಏನಿಲ್ಲ. ಬೆನ್ನುಮೂಳೆಯ ಮಾತು ಬೇರೆ. ಸವದತ್ತಿ ಗುಡ್ಡದ ಎಲ್ಲವ್ವನ ವಾರವಾದ್ದರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುರಗೋಡದಲ್ಲಿ ಹತ್ತಿದ ಒಬ್ಬ ಮುದುಕಿ ನನ್ನ ಅರ್ಧ ಸೀಟನ್ನು ಹೇಳದೆ ಕೇಳದೆ ತನ್ನದಾಗಿಸಿಕೊಂಡು, ತೊಡೆಯ ಮೇಲಿನ ಹಸಿರು ಖಣ ಮುಟ್ಟಿ ನೋಡಿ, ಯಾರ ಕುಬಸ ಎಂದು ಕೇಳಿದಳು. ಹಕ್ಕಿಯದು ಎಂದೆ. ಆಕೆ ಒಂದಿಷ್ಟೂ ಬೆರಗಾಗಲಿಲ್ಲ.

“ಕುಬಸಾ ನೀವ ಮಾಡ್ರಿ, ಅಡ್ಡಿಯಿಲ್ಲ. ಬಾಣಂತನಾ ಯಾರ ಮಾಡಾವ್ರು?” ಎಂದಳು.

ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಇಬ್ಬರೂ ಗಿರಮಿಟ್ಟು, ಮಿರ್ಚಿ ತಿಂದೆವು. ಮಿರ್ಚಿ ಬಾಯಿ ಸುಟ್ಟಿತು, ಚಹಾ ಉಳಿದದ್ದನ್ನೂ ಸುಟ್ಟಿತು. ಮುನವಳ್ಳಿ ದಾಟಿದ ಮೇಲೆ ಗುಡ್ಡಗಳ ನಡುವೆ ಅಣೆಕಟ್ಟು ಕಂಡಿತು. ಬೇಸಿಗೆಯ ನೀರು ಹಿಂದೆ ಸರಿದು, ದಂಡೆಯುದ್ದಕ್ಕೂ ಬಿಳಿ ಮರಳು, ಬಿರಿದ ಕೆಸರು ಬಿಸಿಲಿಗೆ ಮಿನುಗುತ್ತಿದ್ದವು. ಸವದತ್ತಿಯಲ್ಲಿ ಇಳಿದು ಮೂವತ್ತು ರೂಪಾಯಿ ಕೊಟ್ಟು ಟಂಟಂ ಹತ್ತಿದೆ. ತಂಗಿಯ ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಬರುವ ಭಾನುವಾರ ನೀವೆಲ್ಲ ಕ್ಯಾಮೆರಾ ಹಿಡಿದು ಹೊರಡುತ್ತೀರಿ, ನನಗೆ ಗೊತ್ತಿದೆ.

ಊರ ಕೆಳಗೆ ದಂಡೆಗೆ ಇಳಿಯುವ ದಾರಿಗೆ ಅಡ್ಡವಾಗಿ ಗೂಟ ಹುಗಿದು ಹಗ್ಗ ಕಟ್ಟಿದ್ದರು. ಪಕ್ಕದಲ್ಲಿ ಪಂಚಾಯಿತಿಯ ಬೋರ್ಡು: ಹಕ್ಕಿಗಳು ತತ್ತಿ ಇಟ್ಟಿವೆ, ಮಳೆಗಾಲದ ತನಕ ದಂಡೆಗೆ ಇಳಿಯಬಾರದು. ಅಲ್ಲೇ ಜಾಲಿಯ ನೆರಳಿನಲ್ಲಿ ನೀಲವ್ವ ದುರ್ಬೀನು ಕೊರಳಿಗೆ ಹಾಕಿಕೊಂಡು ಕುಳಿತಿದ್ದಳು. ನನ್ನನ್ನು ಕಂಡು ಏಳಲೂ ಇಲ್ಲ. ದುರ್ಬೀನು ನನ್ನ ಕಣ್ಣಿಗೆ ಒತ್ತಿ, “ಮದಲ ಇದನ್ನ ನೋಡ, ಆಮ್ಯಾಲ ನನ್ನ ಮಾತಾಡ್ಸು,” ಎಂದಳು.

ಬರಿಗಣ್ಣಿಗೆ ಅದು ಬರೀ ಮರಳು. ದುರ್ಬೀನಿನಲ್ಲಿ ನೋಡಿದರೆ ಮರಳಿನ ತುಂಬ ಸಂಸಾರ. ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಕೆಂಪು ಕಾಲಿನ ಬೆಳ್ಳನೆಯ ಹಕ್ಕಿಗಳು ಅಲ್ಲೊಂದು ಇಲ್ಲೊಂದು ಕಾವು ಕುಳಿತಿದ್ದವು. ಗೂಡು ಎಂಬುದೇ ಇಲ್ಲ. ಮರಳಿನಲ್ಲಿ ಒಂದು ತಗ್ಗು, ಅದರಲ್ಲಿ ಮರಳಿನದೇ ಬಣ್ಣದ ಚುಕ್ಕೆ ತತ್ತಿ. ಗಂಡು ಹಕ್ಕಿಯೊಂದು ಮೀನು ಹಿಡಿದು ತಂದು ಹೆಂಡತಿಯ ಬಾಯಿಗೆ ಇಟ್ಟಿತು. ಇನ್ನೊಂದು ನೀರಿಗೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬಂದು ತತ್ತಿಗಳ ಮೇಲೆ ತಂಪಾಗಿ ಕುಳಿತಿತು. ಪುಸ್ತಕದಲ್ಲಿ ಇವಕ್ಕೆ ರೀವ ಎನ್ನುತ್ತಾರಂತೆ. ಊರವರು ಹೊಳಿಹಕ್ಕಿ ಅನ್ನುತ್ತಾರೆ. ನನಗೆ ಆ ಗಂಡು ಹಕ್ಕಿ ಬಹಳ ಹಿಡಿಸಿತು. ನಮ್ಮ ಮನೆಯವರು ಇಷ್ಟು ವರ್ಷಕ್ಕೆ ಒಂದು ಲೋಟ ನೀರು ತಂದುಕೊಟ್ಟ ನೆನಪಿಲ್ಲ.

ಹೋದ ವರ್ಷ ಯಾರೋ ಪೇಟೆಯ ಹುಡುಗರು ರೀಲ್ಸ್ ಮಾಡಲು ಜೀಪನ್ನು ನೀರಿನಂಚಿನಲ್ಲಿ ಅಡ್ಡಾದಿಡ್ಡಿ ಓಡಿಸಿದ್ದರಿಂದ ಇದ್ದ ತತ್ತಿಗಳೆಲ್ಲ ಗಾಲಿಯಡಿ ಹೋದವು. ಆವತ್ತು ನೀಲವ್ವ ಫೋನಿನಲ್ಲಿ ಅತ್ತದ್ದು ನನಗೆ ನೆನಪಿದೆ. ಈ ವರ್ಷ ಅವಳು ಪಂಚಾಯಿತಿ ಮೆಟ್ಟಿಲು ಸವೆಸಿ ದಂಡೆ ಬಂದ್ ಮಾಡಿಸಿದಳು. ಆದರೆ ಪಂಚಾಯಿತಿಗಿಂತ ದೊಡ್ಡ ಪಂಚಾಯಿತಿ ಮನೆಯಲ್ಲಿತ್ತು. ಅವಳ ಅತ್ತೆ ಗೌರಜ್ಜಿ. ಆ ದಂಡೆಯೇ ಊರ ಹೆಂಗಸರು ಮಳೆಗಾಲಕ್ಕೆ ಮುಂಚೆ ಮನೆಮಂದಿ ಹೊದೆಯುವ, ಹಳೆ ಸೀರೆ ಪದರದ ಕೌದಿಗಳನ್ನೆಲ್ಲ ಒಗೆದು ಮರಳಿನ ಮೇಲೆ ಹಾಸಿ ಒಣಗಿಸುವ ಜಾಗ. ಈಗ ಅವರು ಮನೆಯ ಮುಂದೆ ಒಗೆದು, ತೊಯ್ದ ಕೌದಿ ಹೊತ್ತುಕೊಂಡು, ಒಣಗಿಸಲು ಊರಾಚೆಯ ದಂಡೆಯ ಕಲ್ಲಿಗೆ ನಡೆಯಬೇಕು. ತೊಯ್ದ ಕೌದಿಯ ಭಾರ ಹೊತ್ತವರಿಗೇ ಗೊತ್ತು. ಗೌರಜ್ಜಿ ಹೂಂ ಎಂದರೆ ಓಣಿಯೆಲ್ಲ ಹೂಂ, ಊಹೂಂ ಎಂದರೆ ಊಹೂಂ. ಆಕೆ ಸೊಸೆಗೆ ಒಂದೇ ಬೇಸಿಗೆಯ ಗಡುವು ಕೊಟ್ಟಿದ್ದಳು.

“ಈ ಬ್ಯಾಸಿಗಿ ನೋಡತೇನಿ. ಮರಿ ಎದ್ವು ಅಂದ್ರ ಮುಂದಿನ ಮಾತ. ಇಲ್ಲಾಂದ್ರ ಹಗ್ಗಾ ಬಿಚ್ಚಿ ಉಸುಕಿನ ಮ್ಯಾಲ ನನ್ನ ಕೌದಿ ಒಣಹಾಕತೇನಿ.”

ಮೊದಲಿಟ್ಟ ತತ್ತಿಗಳು ಇವತ್ತೋ ನಾಳೆಯೋ ಒಡೆಯಬೇಕು ಎಂದು ನೀಲವ್ವ ಹೇಳಿದಳು. ಅವಳಿಗೆ ಊಟ ಸೇರುತ್ತಿರಲಿಲ್ಲ.

ಕುಬಸದ ಮಾತು ಎತ್ತಿದವಳು ಮಾತ್ರ ಗೌರಜ್ಜಿಯೇ. ದಿನಾ ಸೊಸೆಗೆ ಬುತ್ತಿ ಕೊಡಲು ಬಂದು, ಬಯ್ಯುತ್ತ ಬಯ್ಯುತ್ತ ದುರ್ಬೀನು ನೋಡಿ, ಹಕ್ಕಿಗಳ ರುಚಿ ಹತ್ತಿಸಿಕೊಂಡಿದ್ದಳು. ಹೆರಿಗೆಗೆ ನಮ್ಮೂರಿಗೆ ಬಂದಾವೆಂದರೆ ಇದು ಅವುಗಳ ತವರುಮನೆ, ಬಸುರಿಯನ್ನು ಬರಿ ಉಡಿಯಲ್ಲಿ ಕೂರಿಸಬಾರದು ಎಂದು ಆಕೆಯ ವಾದ. ನಾನು ಹೋದಾಗ ಮನೆಯಲ್ಲಿ ಹೆಂಗಸರೆಲ್ಲ ಕಡಬು ಮಾಡುತ್ತ ಜಗಳಕ್ಕೆ ಬಿದ್ದಿದ್ದರು. ತತ್ತಿ ಇಟ್ಟಾಯಿತು ಅಂದ ಮೇಲೆ ಅದು ಬಸುರಿಯೋ, ಬಾಣಂತಿಯೋ? ಬಾಣಂತಿಗೆ ಕುಬಸ ಹೇಗೆ ಮಾಡುವುದು?

“ಹೊಟ್ಟ್ಯಾಗ ಇರ್ಲಿ, ಹೊಟ್ಟಿ ಕೆಳಗ ಇರ್ಲಿ. ಕೂಸ ಮಾರಿ ತೋರಸೂ ತನಕಾ ಬಸರ,” ಎಂದು ಗೌರಜ್ಜಿ ತೀರ್ಪು ಕೊಟ್ಟಳು. ನನಗೂ ಅದು ಸರಿ ಎನಿಸಿತು. ಬಸ್ಸಿನ ಮುದುಕಿಯ ಪ್ರಶ್ನೆ ನಾನು ಅಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಕಡಬು ಸೀಯುತ್ತಿದ್ದವು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾವೆಲ್ಲ ಹಗ್ಗದ ಹತ್ತಿರ ಹೋದೆವು. ಹಗ್ಗ ದಾಟಬಾರದು, ಜೋರಾಗಿ ಮಾತಾಡಬಾರದು ಎಂದು ನೀಲವ್ವನ ಕಟ್ಟಪ್ಪಣೆ. ಹೀಗಾಗಿ ಸೋಬಾನದ ಪದವನ್ನು ಪಿಸುದನಿಯಲ್ಲಿ ಹಾಡಿದರು. ಎದೆ ಬಿಚ್ಚಿ ಹಾಡಿ ರೂಢಿಯಾದ ಹೆಂಗಸರು ಬಾಯಿಗೆ ಸೆರಗು ಹಿಡಿದು ಹಾಡುವುದನ್ನು ಕೇಳಿ ನನಗೆ ನಗು ತಡೆಯಲಿಲ್ಲ. ಹಗ್ಗದ ಈಚೆ ಹಸಿರು ಖಣ ಹಾಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕಡಬು, ಹೋಳಿಗೆ ಎಲ್ಲ ಇಟ್ಟೆವು. ಪಕ್ಕದಲ್ಲಿ ನನ್ನ ಕುಬಸ. ಗೌರಜ್ಜಿ ರಾಮದುರ್ಗದ ಕೈಮಗ್ಗದ ಸೀರೆಯ ಸೆರಗು ಹೊದ್ದು ಕೈ ಮುಗಿದು, “ಸಲೀಸ ಹೆರಿಗಿ ಆಗ್ರೆವ್ವಾ,” ಎಂದಳು. ಬಹಳ ಚಂದ ಕಂಡಿತು.

ಕಾಗೆಗೂ ಚಂದ ಕಂಡಿತು. ಮೊದಲು ಒಂದು ಬಂದು ಗೂಟದ ಮೇಲೆ ಕುಳಿತು ಹೋಳಿಗೆ ಕಡೆ ಕತ್ತು ಓರೆ ಮಾಡಿತು. ಆಮೇಲೆ ಬಂಧು ಬಳಗವನ್ನೆಲ್ಲ ಕರೆಯಿತು. ಅಕ್ಕಿಗೆ ಬಂದ ಕಾಗೆಗಳಲ್ಲಿ ಎರಡು ಹಗ್ಗದಾಚೆ ಇಳಿದು ಮರಳಿನಲ್ಲಿ ಕುಪ್ಪಳಿಸತೊಡಗಿದ್ದೇ ತಡ, ಹೊಳಿಹಕ್ಕಿಗಳು ಕಿರ್ ಕಿರ್ ಎಂದು ಚೀರುತ್ತ ಏಳತೊಡಗಿದವು. ಆಗ ನಮಗೆ ಬುದ್ಧಿ ಬಂತು. ಅದುವರೆಗೆ ಕಾಗೆಗಳಿಗೆ ಗೊತ್ತೇ ಇಲ್ಲದ ಜಾಗಕ್ಕೆ ನಾವೇ ಅರಿಶಿನ ಕುಂಕುಮ ಇಟ್ಟು ಊಟಕ್ಕೆ ಕರೆದಿದ್ದೆವು.

ನೀಲವ್ವ ನನ್ನ ಕಡೆ ತಿರುಗಿದಳು. “ಕಾಯಾಕ ನಿಂತಾಕಿನ ಕಾಗಿ ಕರದ್ಲು ಅಂತಾರ ನೋಡಕ್ಕಾ,” ಎಂದಳು. ಒಬ್ಬಾಕೆ ಕಲ್ಲು ಎತ್ತಿದಳು. ನೀಲವ್ವ ಓಡಿ ಅವಳ ಕೈ ಹಿಡಿದಳು. “ಕಲ್ಲ ಒಗದ್ರ ಎಲ್ಲಾ ಹಕ್ಕಿ ಎದ್ದ ಹಾರತಾವ. ಈ ಬಿಸಲಾಗ ತತ್ತಿ ಅಲ್ಲೇ ಬೇಯತಾವ. ಯಾರೂ ಹಗ್ಗಾ ದಾಟಬ್ಯಾಡ್ರಿ.”

ಅಟ್ಟುವಂತಿಲ್ಲ, ಬಿಡುವಂತಿಲ್ಲ. ನಾನೇ ಹೇಳಿದೆ: “ಕೂಳ ಎಲ್ಲೋ ಕಾಗಿ ಅಲ್ಲಿ. ಎಲ್ಲಾ ಎತ್ತಿಕೊಂಡ ಊರಿಗೆ ನಡೀರಿ.”

ಹೆಂಗಸರು ಒಬ್ಬರೂ ಕೈ ಹಾಕಲಿಲ್ಲ. ಎಲ್ಲರೂ ಗೌರಜ್ಜಿಯ ಮುಖ ನೋಡಿದರು. ನನಗೂ ಆಗಲೇ ಹೊಳೆದದ್ದು. ತುಂಬಿದ ಉಡಿಯನ್ನು ತುಂಬಿದವರು ತಿರುಗಿ ತೆಗೆದುಕೊಳ್ಳುವುದುಂಟೇ? ಬಸುರಿಗೆ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ. ಉಡಿ ತುಂಬಿಸಿಕೊಂಡವಳೇ ಅದನ್ನು ಬಿಚ್ಚದೆ ಹೊತ್ತೊಯ್ಯಬೇಕು. ಹಗ್ಗದಾಚೆ ಕಾಗೆಗಳು ಇನ್ನೂ ಹತ್ತಿರ ಕುಪ್ಪಳಿಸಿದವು. ನೀಲವ್ವ ಅತ್ತೆಯ ಮುಂದೆ ಕೈ ಜೋಡಿಸಿ ನಿಂತಳು.

ಗೌರಜ್ಜಿ ಮರಳಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಸೆರಗು ಒಡ್ಡಿದಳು.

“ಬಸರಿ ಕಾವ ಕುಂತಾಳ, ಎದ್ದ ಬರಾಕ ಆಗೂದಿಲ್ಲ. ಆಕಿ ಬದಲಿ ನಾ ಹಿಡಿತೇನಿ. ಹಾಕ್ರಿ ನನ್ನ ಉಡ್ಯಾಗ, ಲಗೂನ ಹಾಕ್ರಿ.”

ನಾವು ಹಾಕಿದೆವು. ಅಕ್ಕಿ, ಕೊಬ್ಬರಿ, ಹೋಳಿಗೆ, ಕಡಬು ಎಲ್ಲ. ಉಳಿದವರು ಕುಳಿತು ಮರಳಿನಲ್ಲಿ ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆರಿಸಿದರು. ಹಸಿರು ಕುಬಸವನ್ನು ಆಕೆಯ ಹೆಗಲಿಗೆ ನಾನೇ ಹಾಕಿದೆ. ಗೌರಜ್ಜಿ ಸೆರಗು ಬಿಗಿಯಾಗಿ ಕಟ್ಟಿಕೊಂಡು ಎದ್ದು ನಿಂತಾಗ ಹೊಟ್ಟೆ ಮುಂದೆ ಬಂದಿತ್ತು. ಹಿಂದಿನಿಂದ ಯಾರೋ, “ಆಯಿ, ಎಷ್ಟ ತಿಂಗಳ?” ಎಂದರು.

“ನಿಮ್ಮ ಮಾವನ್ನ ಕೇಳ ಹೋಗ,” ಎಂದು ಮುದುಕಿ ಒಂದು ಹೋಳಿಗೆ ಮುರಿದು ದಾರಿಗೆ ಎಸೆದಳು. ಅಲ್ಲಿಗೆ ಪಿಸುದನಿ ಮುಗಿಯಿತು. ನಾವೆಲ್ಲ ಹೊಟ್ಟೆ ಹಿಡಿದು ನಗುತ್ತ ಊರ ಕಡೆ ನಡೆದೆವು. ಮುಂದೆ ಗೌರಜ್ಜಿ ಹೋಳಿಗೆ ಚೂರು ಎಸೆಯುತ್ತ, ಹಿಂದೆ ನಾವು, ತಲೆಯ ಮೇಲೆ ಕಾಗೆಗಳು. ಈಗ ಸೋಬಾನವನ್ನು ಎದೆ ಬಿಚ್ಚಿ ಹಾಡಿದರು. ಒಂದು ಹಟಮಾರಿ ಕಾಗೆ ಮಾತ್ರ ದಂಡೆಯಲ್ಲೇ ಉಳಿಯಿತು. ಅದನ್ನು ಹೊಳಿಹಕ್ಕಿಗಳು ಒಂದರ ಮೇಲೊಂದು ಎರಗಿ, ತಲೆಗೆ ಕುಕ್ಕಿ, ನೀರಿನಾಚೆ ಅಟ್ಟಿಬಂದವು. ನೀಲವ್ವ ಅದನ್ನು ದುರ್ಬೀನಿನಲ್ಲಿ ನೋಡಿ ಆಮೇಲೆ ಬಂದು ಹೇಳಿದಳು. ತತ್ತಿ ಹೋಗಿವೆಯೋ ಉಳಿದಿವೆಯೋ ಎಂದು ಕೇಳಿದರೆ, ಹಕ್ಕಿ ಮೇಲೆ ಕುಳಿತುಬಿಟ್ಟಿವೆ, ಕಾಣುವುದಿಲ್ಲ ಎಂದಳು. ಊಟಕ್ಕೆ ಕುಳಿತವಳು ಕಡಬು ಮುರಿದು ಹಾಗೇ ಬಿಟ್ಟಳು.

ಮರುದಿನ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅಕ್ಕ ತಂಗಿ ಇಬ್ಬರೂ ಜಾಲಿಯ ಕೆಳಗೆ ಹೋಗಿ ಕುಳಿತೆವು. ಸಮೀಪದ ಹಕ್ಕಿ ಅಲುಗಾಡುತ್ತಲೇ ಇರಲಿಲ್ಲ. ಬಿಸಿಲು ಏರಿ ನನ್ನ ಕಾಲು ಜೋಮು ಹಿಡಿದ ಮೇಲೆ ಗಂಡು ಹಕ್ಕಿ ಸಣ್ಣದೊಂದು ಮೀನು ತಂದಿತು. ಹೆಣ್ಣು ಹಕ್ಕಿ ಒಂದು ಹೆಜ್ಜೆ ಸರಿಯಿತು. ಅದರ ಹೊಟ್ಟೆಯ ಕೆಳಗಿನಿಂದ ಮರಳಿನ ಬಣ್ಣದ ಒಂದು ಮುದ್ದೆ ತೂರಾಡುತ್ತ ಎದ್ದು ಬಾಯಿ ತೆರೆಯಿತು. ನೀಲವ್ವ ನನ್ನ ತೋಳು ಹಿಡಿದಳು. ಉಗುರು ನೆಟ್ಟವು. ನಾನು ಅತ್ತುಬಿಟ್ಟೆ, ಅವಳೂ ಅತ್ತಳು. ಇಷ್ಟು ಸಂತೋಷ ನನಗೆ ಯಾವ ಕುಬಸದಲ್ಲೂ ಆಗಿರಲಿಲ್ಲ.

ಹಿಂದಿನಿಂದ ಗೌರಜ್ಜಿ ಬರುತ್ತಿದ್ದಳು. ತಲೆಯ ಮೇಲೆ ತೊಯ್ದ ಕೌದಿಗಳ ಗಂಟು. ನೀಲವ್ವ ಎದ್ದು ಹೋಗಿ ಗಂಟಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ದುರ್ಬೀನನ್ನು ಅತ್ತೆಯ ಕಣ್ಣಿಗೆ ಹಿಡಿದಳು. ಮುದುಕಿ ಬಹಳ ಹೊತ್ತು ನೋಡಿದಳು. ಹಗ್ಗ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು.

“ಗಂಡೋ ಹೆಣ್ಣೋ?” ಎಂದು ಕೇಳಿದಳು.

“ಅದ್ಹ್ಯಾಂಗ ತಿಳೀಬೇಕ ಅತ್ತಿ.”

“ಹೆಣ್ಣ ಇರ್ಲಿ. ಹೆಣ್ಣಾದ್ರ ಚೊಚ್ಚಲಕ್ಕ ಮತ್ತ ಇಲ್ಲೇ ಬರತೈತಿ.”

ಹಾಗೆಂದವಳೇ ಗಂಟನ್ನು ಸರಿಪಡಿಸಿಕೊಂಡು ಊರಾಚೆಯ ದಂಡೆಯ ಕಲ್ಲಿನ ಕಡೆ ನಡೆದಳು.