ಸಾಲಿನ ಬಾಲ ಕಾಯುವುದನ್ನು ಕಲಿಸುವ ಇದ್ರೀಸ್

ಇದ್ರೀಸ್ ಅವರನ್ನು ನಾನು ಮೊದಲು ಕಂಡ ದಿನ, ಅವರು ನಮ್ಮ ಹೊಂಗೆ ಮರದ ಕೆಳಗೆ ಮೀಸೆ ಬಂದ ಗಂಡಸರನ್ನು ಸಾಲಾಗಿ ನಿಲ್ಲಿಸಿ, "ನಿನ್ನ ವಯಸ್ಸೆಷ್ಟು ಮರಿ?" ಎಂದು ಕೇಳುತ್ತಿದ್ದರು. ಹೊಟ್ಟೆ ಮುಂದೆ ಬಂದ ಒಬ್ಬ ಮನುಷ್ಯ, "ಒಂಬತ್ತು ಸಾರ್" ಎಂದ. ಅವನು ಸ್ವಾಮಿ, ಚನ್ನಪಟ್ಟಣದ ಬಸ್ಸಿನ ಕಂಡಕ್ಟರ್ ಎಂದು ನನಗೆ ಆಮೇಲೆ ತಿಳಿಯಿತು. ನಾನು ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ನೋಡುತ್ತಾ ನಿಂತೆ.

ನಮ್ಮ ಮನೆ ಹೊಂಗನೂರಿನಿಂದ ಆಚೆ, ಬಂಡೆಗುಡ್ಡದ ಬುಡದಲ್ಲಿದೆ. ಗುಡ್ಡ ಹತ್ತುವವರು ನಮ್ಮ ಬೇಲಿ ಬಳಸಿಕೊಂಡೇ ಹೋಗಬೇಕು. ಇದ್ರೀಸ್ ನನ್ನ ಬಳಿ ಬಂದರು.

"ಅಮ್ಮ, ಇವರೆಲ್ಲ ರಜದಲ್ಲಿ ಸ್ಕೂಲು ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡೋಗೋರು. ಅದಕ್ಕೆ ಮುಂಚೆ ತರಬೇತಿ ಕೊಡ್ತಾ ಇವ್ನಿ. ಒಸಿ ನೆರಳು ಬೇಕಿತ್ತು."

"ನೆರಳೇನು ನಾನು ಗೇದು ಬೆಳ್ದಿದ್ದಾ? ಕೂತ್ಕಳಿ. ಅದ್ಸರಿ, ಆವಪ್ಪ ಯಾಕೆ ಒಂಬತ್ತು ವರ್ಸ ಅಂತಾನೆ?"

"ಅರ್ಧ ಜನ ಮಕ್ಕಳಾಗ್ಬೇಕು, ಅರ್ಧ ಜನ ಅವರನ್ನ ನಡೆಸ್ಬೇಕು. ಆದ್ರೆ ಇವರಿಗೆ ಮಗು ಆಗಕ್ಕೇ ಬರಲ್ಲ. ಹೇಳಿದ ಮಾತು ಕೇಳ್ಬುಡ್ತಾರೆ." ಅವರು ನನ್ನನ್ನು ಒಂದು ಸಲ ನೋಡಿದರು. "ನೀವು ಮಗು ಆಯ್ತೀರಾ ಅಮ್ಮ? ಹಟಮಾರಿ ಮಗು?"

ಸ್ವಾಮಿ ಕಿಸಕ್ಕನೆ ನಕ್ಕ. ಇದ್ರೀಸ್ ನಗಲಿಲ್ಲ. ಅವರು ನಿಜವಾಗಿಯೇ ಕೇಳಿದ್ದರು. ಮಕ್ಕಳು, ಮೊಮ್ಮಕ್ಕಳನ್ನು ಸಾಕಿದವಳಿಗೆ ಹಟ ಯಾರೂ ಹೇಳಿಕೊಡಬೇಕಾಗಿಲ್ಲ. ಅಂದಿನಿಂದ ಅವರ ಪ್ರತಿ ತಂಡಕ್ಕೂ ನಾನೇ ಮಗು. ನಡುದಾರಿಯಲ್ಲಿ ಕೂತುಬಿಡುತ್ತಿದ್ದೆ. ನೀರು ಚೆಲ್ಲಿ ಪಕ್ಕದವರ ಮೇಲೆ ಚಾಡಿ ಹೇಳುತ್ತಿದ್ದೆ. ಎಲಚಿ ಹಣ್ಣು ಕಂಡರೆ ಸಾಲು ಬಿಟ್ಟು ಓಡುತ್ತಿದ್ದೆ. ಓಡುವುದೆಂದರೆ ನನ್ನ ಕೈಲಾದಷ್ಟು.

ಇದ್ರೀಸ್ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಅವರ ಬೆರಳ ತುದಿಗಳು ಬಿಳಿಚಿಕೊಂಡಿವೆ. ವಾರವೆಲ್ಲ ಆ ಹಬೆಯಲ್ಲಿ ನಿಲ್ಲುವ ಅವರಿಗೆ ಭಾನುವಾರ ಗಾಳಿ ಬೇಕು, ಅದಕ್ಕೆ ಬೆಟ್ಟಕ್ಕೆ ಬಂದೆ ಎನ್ನುತ್ತಾರೆ. ಮೊದಮೊದಲು ಒಬ್ಬರೇ ಬರುತ್ತಿದ್ದರಂತೆ. ಆಮೇಲೆ ಬೀದಿಯ ಹುಡುಗರು ಹಿಂದೆ ಬಿದ್ದರು. ಹುಡುಗರು ಹೆಚ್ಚಾದ ಮೇಲೆ ಅವರನ್ನು ನಡೆಸುವ ದೊಡ್ಡವರನ್ನೂ ತಯಾರು ಮಾಡಬೇಕಾಯಿತು. ಅವರ ಪಾಠದಲ್ಲಿ ದಾರಿ ತೋರಿಸುವವನಿಗೆ ಅಷ್ಟು ಬೆಲೆಯಿಲ್ಲ. ಎಲ್ಲರಿಗಿಂತ ಹಿಂದೆ ನಡೆಯುವವರಿಗೆ 'ಬಾಲ' ಎಂದು ಹೆಸರು. ಬಾಲದ ಹಿಂದೆ ಒಂದು ಮಗುವೂ ಉಳಿಯಬಾರದು.

"ಬಾಲ ಆಗಿದ್ದೆ ಅಂತ ಮನೇಲಿ ಎಂಗ್ಲಾ ಹೇಳ್ಲಿ? ಮೊದಲೇ ನನ್ನೆಂಡ್ರು ಕೋತಿ ಅಂತಾಳೆ," ಎನ್ನುತ್ತಿದ್ದ ಸ್ವಾಮಿ.

ಇದ್ರೀಸ್ ಅವರಿಗೆ ಒಬ್ಬಳೇ ಮಗಳು, ಮಹ್ವಿಶ್, ಏಳನೇ ತರಗತಿ. ಅವಳ ಶಾಲೆಯ ಗಂಡುಹುಡುಗರು ಆಗಲೇ ಗುಡ್ಡ ನೋಡಿ ಬಂದಿದ್ದರು. ಹೆಣ್ಣುಮಕ್ಕಳನ್ನು ಕಳಿಸಬೇಕಾದರೆ ತರಬೇತಿಯಾದ ಹೆಂಗಸೊಬ್ಬರು ಸಾಲಿನ ಬಾಲದಲ್ಲಿರಬೇಕು ಎಂದು ಶಾಲೆಯವರು ಹೇಳಿದ್ದರು. ಅಂಥವರು ಯಾರೂ ಇರಲಿಲ್ಲ. ಬೇಸಿಗೆ ಕಳೆದರೆ ಮಹ್ವಿಶ್ ಬೇರೆ ಶಾಲೆಗೆ ಹೋಗುತ್ತಾಳೆ, ಅಲ್ಲಿ ಬೆಟ್ಟವೂ ಇಲ್ಲ, ಗುಡ್ಡವೂ ಇಲ್ಲ. "ಅಬ್ಬಾ, ಹೆಂಗಸು ಸಿಕ್ಕಿದ್ರಾ?" ಎಂದು ಆ ಹುಡುಗಿ ಪ್ರತಿ ಭಾನುವಾರ ಬಾಗಿಲಲ್ಲೇ ಅಪ್ಪನನ್ನು ಕೇಳುತ್ತಾಳೆಂದು ಇದ್ರೀಸ್ ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಕೊನೆಗೆ ಅನೀಸಾ ಬಂದರು. ಇದ್ರೀಸ್ ಕೆಲಸ ಮಾಡುವ ಬೀದಿಯಲ್ಲೇ ನೂಲು ಸುತ್ತುವ ಹೆಣ್ಣುಮಗಳು, ಗಟ್ಟಿ ಕಾಲು, ಗಟ್ಟಿ ಬಾಯಿ. ಗಾಯಕ್ಕೆ ಪಟ್ಟಿ ಕಟ್ಟುವುದು, ಮಕ್ಕಳನ್ನು ಬಂಡೆಯಿಂದ ಇಳಿಸುವುದು, ಎಲ್ಲವನ್ನೂ ಬೇಗ ಕಲಿತರು. ಕೊನೆಯ ಪರೀಕ್ಷೆಯೊಂದು ಉಳಿದಿತ್ತು. ಅಂದು ಬಾಲ ಕಾಯುವವರು ಅವರೇ.

ಹತ್ತುವ ಮೊದಲು ಇದ್ರೀಸ್ ನನ್ನನ್ನು ಬೇಲಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಅರ್ಧ ದಾರೀಲಿ 'ಬತ್ತೀನಿ' ಅನ್ನಿ. ಅಷ್ಟೇ ಅನ್ನಿ. ಅಂದು ಮನೆಗೆ ಬಂದ್ಬುಡಿ."

ಹಾಗೇ ಮಾಡಿದೆ. ಲಂಟಾನದ ಪೊದೆ ಬಂದಾಗ ಹಿಂದೆ ತಿರುಗಿ, "ಬತ್ತೀನಿ ಕಣವ್ವ" ಎಂದೆ. ಅನೀಸಾ, "ಹೂಂ, ಹುಷಾರಾಗಿ ಬನ್ನಿ ಅಜ್ಜಿ" ಎಂದು ಮುಖ ಆ ಕಡೆ ಮಾಡಿಕೊಂಡು ನಿಧಾನವಾಗಿ ಮುಂದೆ ನಡೆದರು. ನಾನು ಪೊದೆ ಬಳಸಿ ಕೆಳಗಿಳಿದು, ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದೆ.

ಮೇಲೆ ತಲೆ ಎಣಿಸಿದಾಗ ಒಂದು ಕಡಿಮೆ. ಅವರು ದಡದಡನೆ ಇಳಿದು ಬಂದಾಗ ಎಲ್ಲರಿಗಿಂತ ಮುಂದೆ ಅನೀಸಾ.

"ಏನಜ್ಜೀ ಇದು! ಬತ್ತೀನಿ ಅಂದ್ರಲ್ಲ!"

"ಬತ್ತೀನಿ ಅಂದೆ, ಬಂದೆ."

"ಪೊದೆ ಹಿಂದಕ್ಕೆ ಹೋಗಿ ಬತ್ತೀರಿ ಅನ್ಕೊಂಡೆ! ಹಿಂದೆ ನಿಂತು ನೋಡ್ತಾ ಇರಕ್ಕಾಯ್ತದಾ? ಮನೆಗೆ ಹೋಗೋದಾದ್ರೆ ಹೋಗ್ತೀನಿ ಅನ್ಬೇಕಪ್ಪ!"

"ಮನೆಗೆ ಹೊರಟೋರು 'ಹೋಗ್ತೀನಿ' ಅಂತ ಯಾರವ್ವ ಅಂತಾರೆ? ನೀನಂತೀಯಾ?"

ಅನೀಸಾರ ಮನೆಯ ಉರ್ದು ಮಾತಿನಲ್ಲೂ ಹೊರಡುವವರು 'ಬರುತ್ತೇನೆ' ಎಂದೇ ಹೇಳುವುದು.

"ಒಂದು ಪದಕ್ಕೆ ಫೇಲಾ?" ಎಂದು ಸ್ವಾಮಿ ಇದ್ರೀಸರ ಭುಜ ಹಿಡಿದ. "ಏನ್ಲಾ ಇದ್ರೀಸ, ನಿನ್ ಮಗಳ ನೆಪ್ಪಾದ್ರೂ ಐತಾ? ಇವರನ್ನ ಬುಟ್ರೆ ಇನ್ಯಾವ ಹೆಂಗಸು ಸಿಕ್ತಾರೆ?"

ಇದ್ರೀಸ್ ಅವನ ಕೈಯನ್ನು ಭುಜದಿಂದ ಇಳಿಸಿದರು. "ಎಲ್ಲಿಗೆ ಅಂತ ಕೇಳ್ಲಿಲ್ಲ. ಬರೋಗಂಟ ನಿಲ್ಲಲಿಲ್ಲ. ಅಮ್ಮ ಆಗಿದ್ದಕ್ಕೆ ಮನೇಲಿ ಸಿಕ್ಕಿದ್ರು, ಮಗು ಆಗಿದ್ರೆ?" ಎಂದರು. ಅನೀಸಾರ ಕಡೆ ತಿರುಗಿ, "ಇನ್ನೊಂದು ಸಲ ಬನ್ನಿ ಬೆಹನ್," ಎಂದರು.

"ಬರ್ತೀನಿ," ಎಂದು ಸಿಟ್ಟಿನಲ್ಲೇ ಹೇಳಿ ಅನೀಸಾ ಬಸ್ಸಿನ ಕಡೆ ಹೊರಟುಬಿಟ್ಟರು. ಯಾವ ಅರ್ಥದಲ್ಲಿ ಎಂದು ನಮಗ್ಯಾರಿಗೂ ತಿಳಿಯಲಿಲ್ಲ.

ಆ ತಿಂಗಳ ಹೆಣ್ಣುಮಕ್ಕಳ ನಡಿಗೆ ನಿಂತುಹೋಯಿತು. ಮಹ್ವಿಶ್ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳಂತೆ.

ಅನೀಸಾ ಮತ್ತೆ ಬಂದಾಗ ಮಾವು ಹೂ ಬಿಟ್ಟಿತ್ತು. ಆ ಸಲ ಇದ್ರೀಸ್ ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ಆದರೆ ಅರ್ಧ ಗುಡ್ಡ ಹತ್ತುವುದರೊಳಗೆ ನನಗೆ ನಿಜವಾಗಿಯೇ ಪೊದೆ ಹಿಂದಕ್ಕೆ ಹೋಗಬೇಕಾಯಿತು. ವಯಸ್ಸಾದ ದೇಹ, ಏನು ಮಾಡುವುದು.

"ಬತ್ತೀನಿ ಕಣವ್ವ," ಎಂದೆ.

ಅನೀಸಾ ಪೀಪಿ ಊದಿದರು. ಇಡೀ ಸಾಲು ನಿಂತಿತು.

"ಎಲ್ಲಿಗೆ?"

"ಅಯ್ಯೋ, ಅಲ್ಲಿಗೇ ಕಣೆ!"

"ಎಲ್ರೂ ಕೂತ್ಕೊಳ್ಳಿ, ಮುಖ ಆ ಕಡೆ! ಅಜ್ಜಿ, ನೀವು ಮಾತಾಡ್ತಾನೇ ಇರ್ಬೇಕು. ನನಗೆ ಸದ್ದು ಕೇಳ್ತಿರ್ಬೇಕು."

"ಇಂಥ ಹೊತ್ನಲ್ಲಿ ಏನೇ ಮಾತಾಡ್ಲಿ?"

"ನನ್ನ ಬೈಯಿರಿ. ಆವತ್ತಿಂದ ಬಾಕಿ ಇರ್ಬೋದಲ್ಲ!"

ಪೊದೆಯ ಹಿಂದಿನಿಂದ ನಾನು ಬೈದೆ. ಮುಂದೆ ಕೂತ ಗಂಡಸರು ಆ ಕಡೆ ಮುಖ ಮಾಡಿಕೊಂಡೇ ನಕ್ಕು ನಕ್ಕು ಸುಸ್ತಾದರು. ನಾನು ಒಂದು ಗಳಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ, "ಅಜ್ಜೀ!" ಎಂದು ಅನೀಸಾರ ಕೂಗು ಪೊದೆಯ ಹತ್ತಿರವೇ ಕೇಳುತ್ತಿತ್ತು. ಹೊರಗೆ ಬಂದಾಗ ನನ್ನ ಕೈ ಹಿಡಿದು ಸಾಲಿಗೆ ಸೇರಿಸಿ, ತಲೆ ಎಣಿಸಿ, ಆಮೇಲೆ ಪೀಪಿ ಊದಿದರು.

ಈಗ ಇದ್ರೀಸ್ ಮಾಗಡಿ, ಕನಕಪುರದ ಕಡೆ ತರಬೇತಿ ಕೊಡಲು ಹೋಗುತ್ತಾರೆ. ನನ್ನ ಮಂಡಿಯೂ ಇನ್ನು ಮಗುವಾಗಲು ಒಪ್ಪುತ್ತಿಲ್ಲ. ಹಾಗಾಗಿ ಆ ದಿನ ಗುಡ್ಡ ಇಳಿದ ಮೇಲೆ ಕೇಳಿದ್ದೇ ಅವರು ನನ್ನನ್ನು ಕೇಳಿದ ಕೊನೆಯ ಮಾತು. ಎಲ್ಲರೂ ಬೋರ್‌ವೆಲ್ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಅವರು ಜಗಲಿಯ ಅಂಚಿನಲ್ಲಿ ನನ್ನ ಪಕ್ಕ ಕೂತರು.

"ಅಮ್ಮ, ಪಾಸು ಮಾಡ್ಬೇಕು ಅಂತ ನನಗೆ ಭಾಳ ಆಸೆ ಐತೆ. ಅದಕ್ಕೇ ನನ್ನ ಕಣ್ಣನ್ನ ನಾನೇ ನಂಬಕ್ಕಾಯ್ತಿಲ್ಲ. ಇವತ್ತು ಅವರ ಕೈಯಲ್ಲಿದ್ದೋರು ನೀವು. ನೀವೇ ಹೇಳಿ, ಮಹ್ವಿಶ್‌ನ ಅವರ ಜೊತೆ ಕಳಿಸ್ಲಾ?"