ಗಾದಿ ಬದಲಿ

ಜೂನ್ 9, ಸೋಮವಾರ, ಬೆಳಿಗ್ಗೆ 6.20. ಬರೆಯಲು ಕೂತಿದ್ದೇನೆ.

ಮೊದಲು ನೆನಪಾಗುವುದು ಮಾಮಾನ ಬೆನ್ನು. ಬಿಳಿ ಅಂಗಿಯ ಒಳಗಿಂದ ಸೊಂಟಪಟ್ಟಿಯ ಎರಡು ಅಂಚು ಎದ್ದು ಕಾಣುತ್ತಿದ್ದವು, ಅವುಗಳ ನಡುವೆ ಬೆವರಿನ ಒಂದು ಗೆರೆ. ಅವರು ನನ್ನ ಅವ್ವನ ಅಣ್ಣ. ಮನೆ ಅಕ್ಕಲಕೋಟದಲ್ಲಿ, ಸೀರೆ ಅಂಗಡಿ ಸೊಲ್ಲಾಪುರದ ನವಿ ಪೇಠದಲ್ಲಿ. ಕಾಲೇಜಿಗೆ ಹೋಗಲು, ನಡುವಿನ ನಮ್ಮೂರು ವಳಸಂಗದಲ್ಲಿ ನಾನು ಅವರು ಬರುವ ಬಸ್ಸನ್ನೇ ಹತ್ತುತ್ತಿದ್ದೆ. ಎಲ್ಲಕ್ಕೂ ತಾರೀಕು ಹಾಕಿ ವಹಿಯಲ್ಲಿ ಬರೆದಿಡುವ ನನಗೆ ಅವರಿಟ್ಟ ಹೆಸರು ‘ಪಂಚಾಂಗ’.

“ಏ ಪಂಚಾಂಗ, ಇವತ್ತ ಬಸ್ ಎಷ್ಟ ಮಿನಿಟ್ ಲೇಟ್?”

“ಒಂಬತ್ತು ರೀ ಮಾಮಾ.”

“ಡ್ರೈವರ್‌ಗ ತೋರಸಬ್ಯಾಡವ್ವ, ನಡು ಹಾದ್ಯಾಗ ಇಳಸ್ಯಾನು.”

ಅಂಗಡಿಯಲ್ಲಿ ಕುರ್ಚಿ ಇರಲಿಲ್ಲ. ಬಿಳಿ ಬಟ್ಟೆ ಹೊದಿಸಿದ ಅಗಲವಾದ ಗಾದಿ, ಅದರ ಹಿಂದೆ ಒರಗಲು ಒಂದು ಲೋಡು. ಅದು ನಮ್ಮ ಅಜ್ಜ ಕೂತ ಜಾಗ. ಮಾಮಾ ದಿನಾ ಬೆಳಿಗ್ಗೆ ಬಗ್ಗಿ ಗಾದಿ ಮುಟ್ಟಿ, ಕೈಯನ್ನು ಹಣೆಗೆ ಒತ್ತಿಕೊಂಡೇ ಕೂರುತ್ತಿದ್ದರು. ಗಿರಾಕಿಗಳನ್ನೂ ಅದರ ಮೇಲೆಯೇ ಕೂರಿಸಿ, “ಕುಂತು ನೋಡ್ರಿ ಅಕ್ಕಾರ, ಸೀರಿ ಎಲ್ಲಿ ಓಡಿ ಹೋಗತದ” ಎನ್ನುತ್ತ ಮುಂದಕ್ಕೆ ಬಾಗಿ ಒಂದೇ ಬೀಸಿಗೆ ಸೀರೆ ಹಾಸುತ್ತಿದ್ದರು. ಸೆರಗು ಸರಿಯಾಗಿ ಆ ಹೆಣ್ಣುಮಗಳ ಮೊಣಕಾಲ ಮುಂದೆ ಬಂದು ನಿಲ್ಲುತ್ತಿತ್ತು.

ಮೂರು ವರ್ಷದ ಹಿಂದೆ ಅವರ ಎಡಗಾಲು ಜೋಮು ಹಿಡಿಯತೊಡಗಿತು. ಒಂದೇ ಸಲಕ್ಕೆ ಎಷ್ಟು ಹೊತ್ತು ಕೂಡಬಲ್ಲರು ಎಂದು ನಾನು ಶನಿವಾರಕ್ಕೊಮ್ಮೆ ಬರೆದಿಟ್ಟೆ. ಜನವರಿಯಲ್ಲಿ 40 ನಿಮಿಷ. ಫೆಬ್ರವರಿ ಕೊನೆಗೆ 22. ಮಾರ್ಚ್ 19ಕ್ಕೆ 11.

ಏಪ್ರಿಲ್ 4ರಂದು ಡಾಕ್ಟರ ಹತ್ತಿರ ಹೋದೆವು. ಬೆನ್ನೆಲುಬಿನ ಮಣಕಾಗಳ ನಡುವಿನ ಡಿಸ್ಕಿಗೆ ಮರಾಠಿಯಲ್ಲಿ ಗಾದಿ ಎನ್ನುತ್ತಾರೆ. ಡಾಕ್ಟರೂ ಹಾಗೆಯೇ ಹೇಳಿದರು. ಹಾಳಾದ ಗಾದಿ ತೆಗೆದು ಕೃತಕ ಗಾದಿ ಕೂರಿಸಬಹುದು. ಸೊಂಟದ ಬಾಗು ಉಳಿಯುತ್ತದೆ, ಆದರೆ ಪುಣೆಗೆ ಹೋಗಬೇಕು. ಇಲ್ಲವೇ ಗಾದಿ ತೆಗೆದು ಮೇಲಿನ ಕೆಳಗಿನ ಮಣಕಾಗಳನ್ನು ಸ್ಕ್ರೂ ಹಾಕಿ ಜೋಡಿಸಬಹುದು. ಅದು ಹಳೆಯ ದಾರಿ, ಸೊಲ್ಲಾಪುರದಲ್ಲೇ ಆಗುತ್ತದೆ. ಆದರೆ ಆ ಜಾಗ ಮತ್ತೆ ಬಾಗುವುದಿಲ್ಲ, ಮುಂದೆ ಅದರ ಭಾರ ಮೇಲಿನ ಗಾದಿಗೆ ಬೀಳಬಹುದು. “ನಿಮಗೆ ಎರಡೂ ನಡೆಯುತ್ತದೆ, ವಿಚಾರ ಮಾಡಿ ಹೇಳಿ” ಎಂದರು. ನೋವಿನಲ್ಲಿ ಮಾಮಾನಿಗೆ ಯಾವುದೂ ತಲೆಗೆ ಹೋಗಲಿಲ್ಲ. “ನೀ ಬರಕೋ, ಆಮ್ಯಾಲ ಹೇಳು” ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ನಿಂತೇ ಇದ್ದರು. ನಾನು ವಹಿ ತೆಗೆದು, ಹಾಕಿಟ್ಟಿದ್ದ ತಲೆಬರಹ ಓದಿದೆ. “ಒಂದು, ಗಾದಿ ಬದಲಿ. ಎರಡು, ಜೋಡಣಿ.”

“ಏನಂದಿ?”

“ಗಾದಿ ಬದಲಿ ರೀ ಮಾಮಾ.”

“ನಾ ಇನ್ನ ಇದ್ದೀನಲ್ಲವ್ವ!”

ಪಕ್ಕದಲ್ಲಿದ್ದವರು ನಕ್ಕರು. ವ್ಯಾಪಾರಸ್ಥರ ಮನೆಗಳಲ್ಲಿ ಗಾದಿ ಬದಲಿ ಆಗುವುದು ಯಜಮಾನ ತೀರಿದ ಮೇಲೆ. ಅಜ್ಜ ಹೋದ ಹದಿಮೂರನೆಯ ದಿನ ಹಿರಿಯರು ಮಾಮಾನ ಕೈಹಿಡಿದು ಗಾದಿಯ ಮೇಲೆ ಕೂರಿಸಿ ಇದೇ ಮಾತು ಹೇಳಿದ್ದರಂತೆ. ಇದು ಅಂಗಡಿಯ ಗಾದಿಯಲ್ಲ, ಬೆನ್ನಿನದು ಎಂದು ಬಿಡಿಸಿ ಹೇಳಿ, ಡಾಕ್ಟರು ಹೇಳಿದ್ದೆಲ್ಲವನ್ನೂ ಓದಿದೆ. ಅವರೂ ನಕ್ಕರು.

ಎರಡು ದಿನ ಬಿಟ್ಟು, ಜೋಡಣಿಯೇ ಆಗಲಿ ಎಂದರು. ಪುಣೆ ದೂರವೆಂದು ಹೀಗೆ ಹೇಳಿರಬೇಕು ಎಂದುಕೊಂಡೆ.

ಆಪರೇಷನ್ ಆದ ಮೇಲೆ ಕಾಲಿನ ನೋವು ಹೋಯಿತು. ಇದನ್ನು ಬರೆಯದಿದ್ದರೆ ಡಾಕ್ಟರಿಗೆ ಅನ್ಯಾಯವಾಗುತ್ತದೆ. ಆದರೆ ಸೊಂಟ ಹಲಗೆಯಾಯಿತು. ಚಕ್ಕಳಮಕ್ಕಳ ಹಾಕಿದರೆ 6 ನಿಮಿಷ. ಮಾಮಿ ಅಂಗಡಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು.

“ಗಿರಾಕಿ ಕೆಳಗ, ನಾ ಮ್ಯಾಲ. ಕಚೇರ್ಯಾಗ ತಲಾಠಿ ಕುಂತಂಗ ಆಗ್ಯದ ನೋಡು” ಎಂದರು ಮಾಮಾ.

ಬೆಳಿಗ್ಗೆ ಬಗ್ಗಿ ಗಾದಿ ಮುಟ್ಟಲು ಆಗುತ್ತಿರಲಿಲ್ಲ. ಬಟ್ಟೆ ಅಳೆಯುವ ಗಜದ ಕೋಲಿನ ತುದಿಯನ್ನು ಗಾದಿಗೆ ತಾಗಿಸಿ, ಅದೇ ತುದಿಯನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಆಗ ಯಾರಾದರೂ ಒಳಗೆ ಬಂದರೆ ಏನೋ ಅಳೆಯುತ್ತಿರುವವರ ಹಾಗೆ ಕೋಲನ್ನು ತಿರುಗಿಸುತ್ತಿದ್ದರು.

ಮೂರನೆಯ ವರ್ಷ, ಜೋಡಿಸಿದ ಜಾಗದ ಮೇಲ್ಗಡೆ ಹೊಸ ನೋವು ಶುರುವಾಯಿತು. ಮತ್ತೆ ಡಾಕ್ಟರ ಹತ್ತಿರ ಹೋಗಲು ಅವರು ಒಪ್ಪಲಿಲ್ಲ. ಈ ಫೆಬ್ರವರಿ 12ರಂದು ಅಕ್ಕಲಕೋಟದ ಮನೆಯಲ್ಲಿ ಕೇಳಿಯೇಬಿಟ್ಟೆ. “ಅವತ್ತ ಜೋಡಣಿ ಯಾಕ ಅಂದ್ರಿ ಮಾಮಾ?”

“ಖರೇ ಹೇಳ್ಲೇನು? ಬಸ್ಸಿನ್ಯಾಗ ನಿನ್ನ ಬಾಯಾಗಿಂದ ಆ ಮಾತು ಬಂತಲ್ಲ, ಎದಿ ಧಸಕ್ಕಂತು. ನೀ ಬಿಡಿಸಿ ಹೇಳಿದಿ, ತಿಳೀತು. ಆದ್ರೂ ಆ ಮಾತಿಗಿ ಹ್ಞೂಂ ಅನ್ನಾಕ ನಾಲಿಗಿ ಏಳಲಿಲ್ಲ. ಜೋಡಣಿ ಅಂದ್ರ ಛಲೋ ಮಾತು ಅನಿಸ್ತು.” ಆಮೇಲೆ ನನ್ನ ಕೈ ನೋಡಿ, “ಇದನ್ನ ಬರಕೋಬ್ಯಾಡ” ಎಂದರು.

ಮೇ 20ರಂದು ಎದೆನೋವು ಬಂದು ತೀರಿಕೊಂಡರು. ಜೂನ್ 1ರಂದು ಹಿರಿಯರು ಮಾಮಿಯ ಕೈಹಿಡಿದು ಗಾದಿಯ ಮೇಲೆ ಕೂರಿಸಿದರು. “ಗಾದಿ ಬದಲಿ ಆತು” ಎಂದರು. ಬೆಳಿಗ್ಗೆ 11.05. ಕುರ್ಚಿ ಗೋಡೆಯ ಪಕ್ಕದಲ್ಲೇ ಇತ್ತು.

ಅವರು ಬೇಡವೆಂದದ್ದನ್ನು ಇವತ್ತು ಬರೆದಿದ್ದೇನೆ. ನನ್ನ ತಲೆಬರಹದಲ್ಲಿ ‘ಡಿಸ್ಕ್’ ಎಂದಿದ್ದರೆ ಸಾಕಿತ್ತು. ಪುಣೆಗೆ ಹೋಗಿದ್ದರೆ ಅವರು ಗಾದಿಯ ಮೇಲೆ ಎಷ್ಟು ಹೊತ್ತು ಕೂಡುತ್ತಿದ್ದರು? ವಹಿಯಲ್ಲಿ ಆ ಸಾಲು ಖಾಲಿ ಇದೆ. ಕೃತಕ ಡಿಸ್ಕ್ ಹಾಕಿಸಿಕೊಂಡವರು, ಅವರ ಮನೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆದು ತಿಳಿಸಿ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಎಷ್ಟು ನಿಮಿಷ ಕೂಡುತ್ತೀರಿ, ಬಗ್ಗಿದರೆ ಕೈ ನೆಲಕ್ಕೆ ಮುಟ್ಟುತ್ತದೆಯೇ. 6 ನಿಮಿಷಕ್ಕಿಂತ ಹೆಚ್ಚಿದ್ದರೂ ನನಗೆ ನೋವಾದೀತೆಂದು ಮುಚ್ಚಿಡಬೇಡಿ.